ವರ್ಷಗಟ್ಟಲೆ ಉಳಿಯುವ ಹೂಗಿಡ, ಬಳ್ಳಿ, ಪೊದೆ: ಮೈಸೂರಿನ ಮನೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಶುರುವಾಗುವ ಹೊತ್ತಿಗೆ ನರ್ಸರಿಗಳ ಮುಂದೆ ಸ್ಕೂಟರ್ ಸಾಲು. ದೀಪಾವಳಿ ಹೊತ್ತಿಗೆ ‘ಗಿಡ ಯಾಕೋ ಏಳ್ತಾನೇ ಇಲ್ಲ’ ಅನ್ನುವ ದೂರು. ನೆಂಟರು, ಅಕ್ಕಪಕ್ಕದವರು, ವಾಕಿಂಗ್‌ನಲ್ಲಿ ಸಿಕ್ಕವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರ ಮೈಸೂರಿನ ಹವೆ, ಮಣ್ಣು ನೋಡಿಕೊಂಡು ಬರೆದದ್ದು. ಮಂಡ್ಯದವರಿಗೆ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳಿದ್ದೇನೆ. ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ: ಗಿಡಕ್ಕೆ ನೂರು ರೂಪಾಯಿ ಕೊಡುವುದಾದರೆ ಗುಂಡಿಗೆ ಇನ್ನೂರು ಖರ್ಚು ಮಾಡಿ.

ಬಹುವಾರ್ಷಿಕ ಗಿಡ ಅಂದರೆ ಯಾವುವು?

ಒಮ್ಮೆ ನೆಟ್ಟರೆ ಎರಡು ವರ್ಷಕ್ಕಿಂತ ಜಾಸ್ತಿ ಬಾಳುವಂಥವು. ದಾಸವಾಳ, ಮಲ್ಲಿಗೆ, ಜಾಜಿ, ನಂದಿಬಟ್ಟಲು, ಪಾರಿಜಾತ, ಗುಲಾಬಿ, ಕಾಬಾಳೆ, ಸುಗಂಧರಾಜ, ಕರಿಬೇವು, ಮಜ್ಜಿಗೆಹುಲ್ಲು, ದೊಡ್ಡಪತ್ರೆ ಎಲ್ಲ ಈ ಸಾಲಿಗೆ ಬರುತ್ತವೆ. ಚೆಂಡುಹೂ, ಕರ್ಣಕುಂಡಲ, ಜೀನಿಯಾ ಒಂದು ಕಾಲ ಹೂ ಬಿಟ್ಟು ಮುಗಿಯುತ್ತವೆ. ತುಳಸಿ, ಕನಕಾಂಬರ ನಡುವಿನವು. ಎರಡು ಮೂರು ವರ್ಷಕ್ಕೆ ಕಡ್ಡಿಯಾಗುತ್ತವೆ, ಆಗ ಹೊಸ ಸಸಿ ಹಾಕಬೇಕು.

ವಿಡಿಯೋಗಳಲ್ಲಿ ತೋರಿಸುವ ಟುಲಿಪ್, ಪಿಯೋನಿ, ಲ್ಯಾವೆಂಡರ್ ನಮ್ಮಲ್ಲಿ ಬರುತ್ತವಾ?

ಬೇಡ ಬಿಡಿ. ಟುಲಿಪ್, ಪಿಯೋನಿಗೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. ನಮ್ಮ ಡಿಸೆಂಬರ್ ರಾತ್ರಿಗಳು ಸಾಮಾನ್ಯವಾಗಿ 15–16 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತವೆ. ಲ್ಯಾವೆಂಡರ್ ಬೇಸಿಗೆ ತಡೆದುಕೊಂಡರೂ ಮಳೆಗಾಲದ ಥಂಡಿಯಲ್ಲಿ ಬೇರು ಕೊಳೆತು ಹೋಗುತ್ತದೆ. ಹೊರದೇಶದ ತೋಟದ ವಿಡಿಯೋ ನೋಡಲು ಚೆಂದ. ಕೊಳ್ಳುವಾಗ ಮಾತ್ರ ನಿಮ್ಮ ಬೀದಿಯ ಹಳೇ ಮನೆಗಳ ಕಾಂಪೌಂಡಿನೊಳಗೆ ಇಣುಕಿ. ಹತ್ತು ವರ್ಷದಿಂದ ಯಾವುದು ಜೋರಾಗಿ ನಿಂತಿದೆಯೋ ಅದೇ ನಿಮಗೂ ಆಗುವ ಗಿಡ.

ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದೇವೆ. ಏನು ನೆಟ್ಟರೂ ಎಲೆ ಹಳದಿಯಾಗುತ್ತದೆ. ಗೊಬ್ಬರ ಹಾಕಿ ಹಾಕಿ ಸಾಕಾಗಿದೆ.

ರಿಂಗ್ ರೋಡಿನ ಆಚೆ ಈಚೆಯ ಹೊಸ ಮನೆಗಳವರು ಕೇಳುವ ಮೊದಲ ಪ್ರಶ್ನೆ ಇದೇ. ಗೊಬ್ಬರ ನಿಲ್ಲಿಸಿ, ಒಂದು ಗುದ್ದಲಿ ತೆಗೆದುಕೊಂಡು ಒಂದೂವರೆ ಅಡಿ ಅಗೆದು ನೋಡಿ. ಮೇಲೆ ನಾಲ್ಕು ಇಂಚು ಕೆಂಪು ಮಣ್ಣು ಕಾಣುತ್ತದೆ. ಅದರ ಕೆಳಗೆ ಇಟ್ಟಿಗೆ ಚೂರು, ಜಲ್ಲಿ, ಟೈಲ್ಸ್ ತುಂಡು, ಗಟ್ಟಿಯಾದ ಸಿಮೆಂಟ್ ಮೂಟೆ, ಕೆಲವು ಕಡೆ ಗಾರೆಯವರ ಹರಿದ ಚಪ್ಪಲಿ ಕೂಡ! ಕಟ್ಟಡದ ಕಸವನ್ನೇ ಹರಡಿ ಮೇಲೆ ಮಣ್ಣು ಮುಚ್ಚಿ ಕೀ ಕೊಟ್ಟಿರುತ್ತಾರೆ.

ಸಿಮೆಂಟು, ಸುಣ್ಣ ಸೇರಿದ ಮಣ್ಣು ಕ್ಷಾರವಾಗುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಅದನ್ನು ಎಳೆದುಕೊಳ್ಳಲು ಆಗುವುದಿಲ್ಲ. ಗುರುತು ಸುಲಭ: ಹೊಸ ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಕೆಳಗಿನ ಹಳೇ ಎಲೆ ಮೊದಲು ಹಳದಿಯಾದರೆ ಅದು ಬೇರೆ ಕತೆ, ಸಾರಜನಕ ಸಾಲದು ಅಂತ. ಅಲ್ಲಿ ಗೊಬ್ಬರ ಕೆಲಸ ಮಾಡುತ್ತದೆ. ಇನ್ನೊಂದು ಪರೀಕ್ಷೆ ಅಡುಗೆಮನೆಯಲ್ಲೇ ಇದೆ. ಒಣಗಿದ ಮಣ್ಣು ಒಂದು ಚಮಚ ತಟ್ಟೆಗೆ ಹಾಕಿ, ಮೇಲೆ ವಿನೆಗರ್ ಬಿಡಿ. ಬುಸ್ ಅಂತ ನೊರೆ ಬಂದರೆ ಸುಣ್ಣ ಜಾಸ್ತಿ ಇದೆ.

ಪರಿಹಾರ ಒಂದೇ, ಅಡ್ಡದಾರಿ ಇಲ್ಲ. ಗಿಡ ನಿಲ್ಲುವ ಜಾಗದಲ್ಲಿ ಎರಡು ಅಡಿ ಆಳ, ಎರಡು ಅಡಿ ಅಗಲ ಅಗೆಸಿ, ಕಸ ಪೂರ್ತಿ ಹೊರಗೆ ಹಾಕಿಸಿ, ಒಳ್ಳೆ ಕೆಂಪು ಮಣ್ಣು ತುಂಬಿಸಿ. ಇಡೀ ಅಂಗಳ ಮಾಡಿಸಲು ದುಡ್ಡಿಲ್ಲ ಅಂದರೆ ಈ ವರ್ಷ ಮೂರೇ ಗುಂಡಿ ಮಾಡಿಸಿ. ಮಿಕ್ಕ ಜಾಗಕ್ಕೆ ಕುಂಡ ಇಡಿ. ತುರ್ತಿಗೆ ಚೀಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ) ಅಂತ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ, ಪೊಟ್ಟಣದ ಮೇಲಿನ ಅಳತೆಯಲ್ಲೇ ಎಲೆಗೆ ಸಿಂಪಡಿಸಬಹುದು. ಅದು ಗಿಡಕ್ಕೆ ಉಸಿರು ಕೊಡುತ್ತದೆ, ಮಣ್ಣನ್ನು ಸರಿ ಮಾಡುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಬೇಕು ಅನಿಸಿದರೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲೋ ವಿಚಾರಿಸಿ.

ಮಂಡ್ಯದ ನಾಲೆ ಬಯಲಿನ ಮನೆಗಳಲ್ಲಿ ತೊಂದರೆ ಉಲ್ಟಾ. ಜಿಗುಟು ಮಣ್ಣು, ನೀರು ಇಂಗುವುದಿಲ್ಲ. ಅಲ್ಲಿ ಗುಂಡಿ ತೋಡಿದರೆ ಅದೇ ಬಾವಿ! ನೆಲದಿಂದ ಮುಕ್ಕಾಲು ಅಡಿ ಎತ್ತರಕ್ಕೆ ಏರುಮಡಿ ಮಾಡಿ ಅದರ ಮೇಲೆ ನೆಡಿ.

ಗಿಡ ನೆಡಲು ಯಾವ ತಿಂಗಳು ಒಳ್ಳೆಯದು?

ಜೂನ್, ಜುಲೈ. ಮೈಸೂರಿಗೆ ಬೀಳುವ ಮಳೆ ವರ್ಷಕ್ಕೆ ಹೆಚ್ಚುಕಡಿಮೆ 800 ಮಿಲಿಮೀಟರ್. ಜೋರು ಮಳೆ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ. ನಡುವೆ ಮೋಡ, ತಂಪು, ಜಿಟಿಜಿಟಿ. ಹೊಸ ಬೇರು ಬಿಡಲು ಇಂಥ ಹವೆ ಹೇಳಿ ಮಾಡಿಸಿದ್ದು. ಮೇ ತಿಂಗಳ ಮಳೆಗೆ ಗುಂಡಿ ತೆಗೆದಿಡಿ, ಮಣ್ಣು ಮೆತ್ತಗಿರುತ್ತದೆ, ಕೂಲಿಯೂ ಉಳಿಯುತ್ತದೆ.

ಎರಡು ಎಚ್ಚರಿಕೆ. ಜಿಟಿಜಿಟಿ ಮಳೆ ಮೇಲ್ಮಣ್ಣನ್ನು ಮಾತ್ರ ಒದ್ದೆ ಮಾಡುತ್ತದೆ. ಬೆರಳು ಎರಡನೇ ಗೆಣ್ಣಿನವರೆಗೆ ಚುಚ್ಚಿ ನೋಡಿ; ಒಣಗಿದ್ದರೆ ಮಳೆಗಾಲದಲ್ಲೂ ನೀರು ಹಾಕಬೇಕು. ಇನ್ನೊಂದು ಆಷಾಢದ ಗಾಳಿ. ಹೊಸ ಗಿಡ ಅಲುಗಾಡುತ್ತಾ ಇದ್ದರೆ ಬೇರು ಹಿಡಿಯುವುದಿಲ್ಲ. ಒಂದು ಗೂಟ ನೆಟ್ಟು, ಹಳೇ ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ದಾರ ಕಾಂಡ ಕೊಯ್ಯುತ್ತದೆ.

ಗುಂಡಿಗೆ ಏನೇನು ಹಾಕಬೇಕು?

ಪೊದೆ ಗಿಡಕ್ಕೆ ಒಂದೂವರೆ ಅಡಿ, ಸಂಪಿಗೆ, ಪಾರಿಜಾತದಂಥದ್ದಕ್ಕೆ ಎರಡು ಅಡಿ ಗುಂಡಿ. ಹದಿನೈದು ದಿನ ಬಿಸಿಲಿಗೆ ಬಿಡಿ. ಕೆಂಪು ಮಣ್ಣು ಬೇಗ ಒಣಗುವ ಜಾಗವಾದರೆ ತಳಕ್ಕೆ ಎರಡು ಮೂರು ತೆಂಗಿನ ಸಿಪ್ಪೆ ಇಡಿ, ನೀರು ಹಿಡಿದಿಟ್ಟುಕೊಳ್ಳುತ್ತದೆ. ಗೆದ್ದಲು ಇರುವ ಕಡೆ ಇದು ಬೇಡ. ಮೇಲ್ಮಣ್ಣು ಎರಡು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಎರಡು ಹಿಡಿ ಬೇವಿನ ಹಿಂಡಿ. ಗೊಬ್ಬರ ಕಳಿತಿದೆಯಾ ಅಂತ ಮೂಸಿ ನೋಡಿ: ಸಗಣಿ ವಾಸನೆ ಬರಬಾರದು, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಹಸಿ ಗೊಬ್ಬರದ ಜೊತೆ ಬಿಳಿ ಗೊಣ್ಣೆಹುಳು ಬಂದು ಬೇರು ಕಡಿಯುತ್ತದೆ. ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್, ಅಂದರೆ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಗಸಿ, ಸಿಗುತ್ತದೆ. ಅದನ್ನೂ ಕೊಳೆಸಿಯೇ ಹಾಕಬೇಕು. ಹಸಿಯಾಗಿದ್ದರೆ ಕಾವೆದ್ದು ಬೇರು ಸುಡುತ್ತದೆ.

ಗಿಡ ಚೀಲದಲ್ಲಿ ಎಷ್ಟು ಆಳ ಇತ್ತೋ ಅಷ್ಟೇ ಆಳಕ್ಕೆ ನೆಡಿ. ಸಂಜೆ ನೆಡಿ. ಚೀಲ ಬಿಚ್ಚದೇ ನೆಡುವವರೂ ಇದ್ದಾರೆ, ದಯವಿಟ್ಟು ಬಿಚ್ಚಿ.

ನರ್ಸರಿಯಲ್ಲಿ ಒಳ್ಳೆ ಗಿಡ ಆರಿಸುವುದು ಹೇಗೆ?

ಹೂ ತುಂಬಿದ್ದನ್ನೇ ಎತ್ತಿಕೊಳ್ಳುವುದು ಎಲ್ಲರ ಅಭ್ಯಾಸ. ಹೂ ಇಲ್ಲದ, ಬುಡದಿಂದಲೇ ಮೂರು ನಾಲ್ಕು ಕೊಂಬೆ ಒಡೆದ ಗಿಡ ಅದಕ್ಕಿಂತ ವಾಸಿ. ಎಲೆ ಮಗುಚಿ ಕೆಳಗಡೆ ನೋಡಿ, ತಿಗಣೆ, ನುಸಿ ಅಡಗುವುದು ಅಲ್ಲೇ. ಚೀಲದ ತಳದಿಂದ ದಪ್ಪ ಬೇರು ಹೊರಗೆ ಬಂದು ನೆಲಕ್ಕೆ ಕಚ್ಚಿಕೊಂಡಿದ್ದರೆ ಬಿಡಿ. ಕಿತ್ತಾಗ ಅರ್ಧ ಬೇರು ಅಲ್ಲೇ ಉಳಿಯುತ್ತದೆ. ಸಂಪಿಗೆಯಾದರೆ ಕಸಿ ಗಿಡವನ್ನೇ ಕೇಳಿ. ಕಸಿಯದ್ದು ಎರಡು ಮೂರು ವರ್ಷಕ್ಕೆ ಹೂ ಬಿಡುತ್ತದೆ, ಬೀಜದ್ದಕ್ಕೆ ಅದರ ಎರಡು ಮೂರು ಪಟ್ಟು ಕಾಯಬೇಕಾಗುತ್ತದೆ. ಕಸಿ ಗಂಟು, ಅಂದರೆ ಎರಡು ಗಿಡ ಕೂಡಿಸಿದ ಜಾಗ, ಎಲ್ಲಿದೆ ಅಂತ ಅಂಗಡಿಯವರಿಂದಲೇ ತೋರಿಸಿಕೊಳ್ಳಿ. ಆ ಗಂಟು ಯಾವತ್ತೂ ಮಣ್ಣಿನೊಳಗೆ ಹೋಗಬಾರದು.

ದಸರಾದಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬಂದು ಅದೇ ಗಿಡ ಬೇಕು ಅನ್ನುವವರಿಗೆ ಒಂದು ಮಾತು. ಅಲ್ಲಿ ಸಾಲಾಗಿ ಜೋಡಿಸಿದ ಕುಂಡಗಳಲ್ಲಿ ಬಹಳಷ್ಟು ಒಂದೇ ಕಾಲದ ಹೂಗಳು. ಕೊಳ್ಳುವ ಮೊದಲು ‘ಇದು ಎಷ್ಟು ವರ್ಷ ಇರುತ್ತೆ?’ ಅಂತ ಬಾಯಿ ಬಿಟ್ಟು ಕೇಳಿ.

30x40 ಸೈಟು. ಕಾಂಪೌಂಡಿಗೂ ಗೋಡೆಗೂ ನಡುವೆ ಮೂರೇ ಅಡಿ. ಏನು ಬೆಳೆಯಬಹುದು?

ಮೊದಲು ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ನೋಡಿ. ಆರು ಗಂಟೆ ಬಿಸಿಲಿದ್ದರೆ ಮಲ್ಲಿಗೆ, ಗುಲಾಬಿ, ದಾಸವಾಳ. ಮೂರು ನಾಲ್ಕು ಗಂಟೆ ಸಿಕ್ಕರೆ ನಂದಿಬಟ್ಟಲು, ಕನಕಾಂಬರ. ಬಿಸಿಲೇ ಇಲ್ಲದ ಓಣಿಗೆ ದೊಡ್ಡಪತ್ರೆ, ಒಂದೆಲಗ, ಜರಿಗಿಡ, ವೀಳ್ಯದೆಲೆ ಬಳ್ಳಿ. ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೇ ಇದೆ, ಮನೆ ಓಣಿಯ ನೆರಳಿನಲ್ಲಿ ಒಂದು ಬಳ್ಳಿ ಹಬ್ಬಿಸಿಕೊಂಡರೆ ನಷ್ಟವೇನಿಲ್ಲ ಅಲ್ವಾ? ಪಶ್ಚಿಮದ ಗೋಡೆ ಮಾರ್ಚ್, ಏಪ್ರಿಲಿನಲ್ಲಿ ಕಾದು ಹೆಂಚಾಗುತ್ತದೆ. ಅಲ್ಲಿ ಕಾಗದದ ಹೂ ಬಿಟ್ಟರೆ ಬೇರೆ ಬಹಳ ಗಿಡ ಸೊರಗುತ್ತವೆ.

ಸಂಪಿಗೆ, ಮಾವು, ನುಗ್ಗೆ ಸಂಪಿನ ಹತ್ತಿರ ಬೇಡ. ಸಂಪಿನ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೇರು ನೀರು ಹುಡುಕಿಕೊಂಡು ಒಳಗೆ ನುಗ್ಗುತ್ತದೆ.

ದಿನಾ ನೀರು ಹಾಕಬೇಕಾ?

ಕುಂಡಕ್ಕೆ ಬೇಸಿಗೆಯಲ್ಲಿ ಹೌದು. ನೆಲದ ಗಿಡಕ್ಕೆ ದಿನಾ ಪೈಪು ಹಿಡಿದು ಚಿಮುಕಿಸುವುದು ಕೆಟ್ಟ ಅಭ್ಯಾಸ. ಮೇಲೆ ಮೇಲೆ ಒದ್ದೆಯಾದರೆ ಬೇರೂ ಮೇಲೇ ಉಳಿಯುತ್ತದೆ. ಆಮೇಲೆ ಏಪ್ರಿಲಿನಲ್ಲಿ ನಾಲ್ಕು ದಿನ ಊರಿಗೆ ಹೋದರೆ ಗಿಡ ಬಾಡುತ್ತದೆ. ವಾರಕ್ಕೆ ಎರಡು ಸಲ, ಬುಡದ ಪಾತಿ ತುಂಬುವಷ್ಟು ನೀರು ಬಿಡಿ. ಮೊದಲ ವರ್ಷ ಮಾತ್ರ ಬೇಸಿಗೆಯಲ್ಲಿ ಮೂರು ಸಲ. ಪಾತಿಯ ಮೇಲೆ ಒಣಗಿದ ಎಲೆಯ ಹೊದಿಕೆ ಮೂರು ಇಂಚು ಇರಲಿ. ಮಂಡ್ಯದವರಿಗೆ ಕಬ್ಬಿನ ತರಗು ಧಾರಾಳ ಸಿಗುತ್ತದೆ. ಹೊದಿಕೆ ಕಾಂಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ದೂರ ಬಿಡಿ.

ಫಿಲ್ಟರಿನ ವೇಸ್ಟ್ ನೀರು, ವಾಷಿಂಗ್ ಮಷಿನ್ ನೀರು ಹಾಕಬಹುದಾ?

ಆರ್‌ಒ ಫಿಲ್ಟರಿನಿಂದ ಹೊರಗೆ ಹೋಗುವುದು ಉಪ್ಪು ಜಾಸ್ತಿಯಾದ ನೀರು. ಬೋರ್‌ವೆಲ್ ನೀರಿನ ಮನೆಯಾದರೆ ಇನ್ನೂ ಜಾಸ್ತಿ. ಕುಂಡದ ಅಂಚಿಗೆ ಬಿಳಿ ಪಟ್ಟು ಕಟ್ಟುವುದು ಇದರಿಂದಲೇ. ನೆಲ ಒರೆಸಿ, ಗಿಡಕ್ಕೆ ಬೇಡ. ಸೋಪಿನ ಪುಡಿಯ ನೀರೂ ಬೇಡ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ. ತಾರಸಿಯ ಮಳೆ ನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ.

ಮಲ್ಲಿಗೆ ಬಳ್ಳಿ ಸೊಂಪಾಗಿ ಹಬ್ಬಿದೆ, ಹೂ ಮಾತ್ರ ಬೊಗಸೆಯಷ್ಟೂ ಇಲ್ಲ. ಮೈಸೂರಲ್ಲಿದ್ದುಕೊಂಡು ಮಲ್ಲಿಗೆ ಕೊಂಡು ಮುಡಿಯಬೇಕಾ?

ಮೂರು ಕಾರಣ ಇರಬಹುದು: ನೆರಳು, ಯೂರಿಯಾ ಜಾಸ್ತಿಯಾದದ್ದು, ಕತ್ತರಿ ಹಾಕದೇ ಇರುವುದು. ಮೂರನೆಯದೇ ಜಾಸ್ತಿ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಳೇ ಕಡ್ಡಿ ಹಾಗೇ ಇದ್ದರೆ ಎಲೆ ಬರುತ್ತದೆ, ಮೊಗ್ಗು ಬರುವುದಿಲ್ಲ.

ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ. ಎಲೆ ಸ್ವಲ್ಪ ಮಂಕಾದ ಮೇಲೆ, ಡಿಸೆಂಬರಿನಲ್ಲಿ, ದುಂಡುಮಲ್ಲಿಗೆ ಪೊದೆಯನ್ನು ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ. ಒಣಕಡ್ಡಿ, ಒಳಗೊಳಗೇ ಹೆಣೆದುಕೊಂಡ ಕಡ್ಡಿ ಪೂರ್ತಿ ತೆಗೆಯಿರಿ. ಉಳಿದ ಎಲೆಗಳನ್ನೂ ಕಿತ್ತುಬಿಡಿ. ಆಗ ಗಿಡ ನೋಡಿದರೆ ಅಳು ಬರುವ ಹಾಗೆ ಬೋಳಾಗಿರುತ್ತದೆ. ಮನೆಯ ಹಿರಿಯರು ‘ಗಿಡ ಕೊಂದೆಯಲ್ಲೋ’ ಅನ್ನುತ್ತಾರೆ, ಅನ್ನಲಿ. ಬುಡ ಕೆದಕಿ ಒಂದು ಪುಟ್ಟಿ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಹಾಕಿ ಚೆನ್ನಾಗಿ ನೀರು ಬಿಡಿ. ಗೆಣ್ಣುಗಳಲ್ಲಿ ಕೆಂಪುಹಸಿರು ಚಿಗುರು ಜೋಡಿಜೋಡಿಯಾಗಿ ಒಡೆಯುತ್ತದೆ, ಅದರ ತುದಿಯಲ್ಲೇ ಮೂರು ಮೂರು ಮೊಗ್ಗು. ಮಾರ್ಚಿನಿಂದ ಬೇಸಿಗೆಯುದ್ದಕ್ಕೂ ಹೂ. ಜಾಜಿಗೂ ಹೀಗೇ ಮಾಡಬಹುದು, ಜನವರಿವರೆಗೆ ತಡವಾದರೂ ನಡೆಯುತ್ತದೆ.

ಮೊಗ್ಗಿನಲ್ಲಿ ಸಣ್ಣ ತೂತಿದ್ದರೆ ಒಳಗೆ ಹುಳು ಇದೆ ಅಂತಲೇ ಲೆಕ್ಕ. ಅಂಥ ಮೊಗ್ಗು ಕಿತ್ತು ಸುಡಿ, ಬುಡಕ್ಕೆ ಉದುರಿಸಬೇಡಿ.

ಸೇವಂತಿಗೆ ಗಿಡ ದಷ್ಟಪುಷ್ಟವಾಗಿದೆ. ಪಕ್ಕದ ಮನೆಯಲ್ಲಿ ಹೂ ಬಿಟ್ಟಿದೆ, ನಮ್ಮಲ್ಲಿ ಇಲ್ಲ.

ರಾತ್ರಿ ಗಿಡದ ಮೇಲೆ ಬೀದಿದೀಪದ ಬೆಳಕು ಬೀಳುತ್ತದಾ? ಹೆಚ್ಚಿನ ಸೇವಂತಿಗೆಗಳು ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುತ್ತವೆ. ಗೇಟಿನ ಪಕ್ಕ ಇಡೀ ರಾತ್ರಿ ಎಲ್‌ಇಡಿ ಉರಿಯುತ್ತಿದ್ದರೆ ಗಿಡಕ್ಕೆ ರಾತ್ರಿಯಾದದ್ದೇ ಗೊತ್ತಾಗುವುದಿಲ್ಲ. ಕುಂಡವನ್ನು ಮನೆಯ ಹಿಂದಕ್ಕೆ ಸಾಗಿಸಿ. ಜುಲೈ, ಆಗಸ್ಟಿನಲ್ಲಿ ತುದಿ ಚಿವುಟಿದ್ದರೆ ಕವಲು ಜಾಸ್ತಿ, ಹೂವೂ ಜಾಸ್ತಿ. ಹೂ ಮುಗಿದ ಮೇಲೆ ಗಿಡ ಬಿಸಾಡಬೇಡಿ, ಬುಡದ ವರೆಗೆ ಕತ್ತರಿಸಿ. ಪಕ್ಕದಲ್ಲಿ ಏಳುವ ಮರಿಗಳನ್ನು ಬೇರು ಸಮೇತ ಬಿಡಿಸಿ ನೆಟ್ಟರೆ ಮುಂದಿನ ವರ್ಷಕ್ಕೆ ಗಿಡ ಸಿದ್ಧ.

ದಾಸವಾಳದ ತುದಿಯಲ್ಲಿ ಬಿಳಿ ಹತ್ತಿ ಥರ ಅಂಟಿಕೊಂಡು, ಎಲೆ ಮುದುಡಿದೆ.

ಹಿಟ್ಟು ತಿಗಣೆ. ನಮ್ಮ ಊರಿನ ದಾಸವಾಳಕ್ಕೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಅದರಲ್ಲೂ ದೊಡ್ಡ ಹೂವಿನ ಹೈಬ್ರಿಡ್‌ಗಳಿಗೆ ಬೇಗ ಹತ್ತುತ್ತದೆ. ಒಂಟಿ ಎಸಳಿನ ಕೆಂಪು ನಾಟಿ ದಾಸವಾಳ ಸ್ವಲ್ಪ ಗಟ್ಟಿ.

ಔಷಧಿಗೆ ಓಡುವ ಮೊದಲು ಕಾಂಡದ ಮೇಲೆ ಇರುವೆ ಸಾಲು ಇದೆಯಾ ನೋಡಿ. ತಿಗಣೆ ಬಿಡುವ ಸಿಹಿ ರಸಕ್ಕೆ ಇರುವೆ ಬರುತ್ತದೆ. ಅದಕ್ಕಾಗಿ ತಿಗಣೆಯನ್ನು ಕಾಯುತ್ತದೆ, ಮರಿಗಳನ್ನು ಹೊಸ ಚಿಗುರಿಗೆ ಸಾಗಿಸುವುದೂ ಉಂಟು. ಇರುವೆ ಗೂಡು ತೆಗೆಯದೇ ತಿಗಣೆ ಹೋಗುವುದಿಲ್ಲ. ಮುದುಡಿದ ತುದಿಗಳನ್ನು ಕತ್ತರಿಸಿ, ಕವರಿಗೆ ಹಾಕಿ ಬಾಯಿ ಕಟ್ಟಿ ಕಸಕ್ಕೆ ಕೊಡಿ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಜೋರಾಗಿ ನೀರು ಹೊಡೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಚೆನ್ನಾಗಿ ಕುಲುಕಿ, ಸಂಜೆ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಆ ಬಿಳಿ ಗುಂಪಿನ ನಡುವೆ ಸ್ವಲ್ಪ ದೊಡ್ಡದಾದ, ಉದ್ದ ಜೂಲಿನ, ಚುರುಕಾಗಿ ಓಡಾಡುವ ಹುಳು ಕಂಡರೆ ಕೈ ತಡೆಯಿರಿ. ಅದು ತಿಗಣೆಯನ್ನೇ ತಿನ್ನುವ ಗುಲಗಂಜಿ ಹುಳುವಿನ ಮರಿ ಇರಬಹುದು. ಅಂಥ ಕಡೆ ಎಣ್ಣೆ ಬೇಡ.

ಕರಿಬೇವು ಏಳ್ತಾನೇ ಇಲ್ಲ. ಹುಳಿ ಮಜ್ಜಿಗೆ ಹಾಕಬೇಕಂತೆ, ನಿಜಾನಾ?

ತೆಳ್ಳಗೆ ಮಾಡಿ ಹಾಕಿದರೆ ಕೆಟ್ಟದ್ದೇನಿಲ್ಲ, ಆದರೆ ಮಜ್ಜಿಗೆಯಿಂದಲೇ ಗಿಡ ಬೆಳೆಯುವುದಿಲ್ಲ. ಒಗ್ಗರಣೆಗೆ ಅಂತ ದಿನಾ ಎರಡೆರಡು ಎಲೆ ಕಿತ್ತರೆ ಚಿಕ್ಕ ಗಿಡಕ್ಕೆ ಊಟವೇ ಇಲ್ಲ. ಮೊದಲ ವರ್ಷ ಮುಟ್ಟಬೇಡಿ. ಎರಡನೇ ವರ್ಷ ತುದಿ ಕತ್ತರಿಸಿ, ಕವಲೊಡೆಯುತ್ತದೆ. ಆಮೇಲೆ ಎಲೆ ಬೇಕಾದಾಗಲೂ ರೆಂಬೆಯ ತುದಿಯನ್ನೇ ಮುರಿದುಕೊಳ್ಳಿ. ಹೂಗೊಂಚಲು ಬಂದರೆ ಚಿವುಟಿ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಮರಿಹುಳು. ಚಿಕ್ಕ ಗಿಡವಾದರೆ ಆರಿಸಿ ತೆಗೆಯಿರಿ, ದೊಡ್ಡ ಗಿಡವಾದರೆ ಅದರ ಪಾಲು ಅದಕ್ಕೆ ಬಿಡಿ.

ಗುಲಾಬಿ ಬುಡದಿಂದ ಜೋರಾಗಿ ಒಂದು ರೆಂಬೆ ಬಂದಿದೆ, ಹೂವೇ ಇಲ್ಲ.

ಕಸಿ ಗಂಟಿನ ಕೆಳಗಿನಿಂದ ಬಂದಿದ್ದರೆ ಅದು ಕಾಡು ಗುಲಾಬಿಯ ಚಿಗುರು. ಬುಡದಲ್ಲೇ ಸೀಳಿ ತೆಗೆಯಿರಿ. ಬಿಟ್ಟರೆ ಒಳ್ಳೆ ಗಿಡವನ್ನು ನುಂಗುತ್ತದೆ. ಕತ್ತರಿ ಹಾಕಲು ಅಕ್ಟೋಬರ್, ಮಳೆ ತಗ್ಗಿದ ಮೇಲೆ.

ಮೇ ಫ್ಲವರ್ ಲಿಲ್ಲಿ ಪೂರ್ತಿ ಒಣಗಿಹೋಯಿತು. ಕಿತ್ತು ಹಾಕಲಾ?

ಬೇಡ. ಎಲೆ ಹೋದರೂ ಗಡ್ಡೆ ಮಣ್ಣಿನಲ್ಲಿ ಮಲಗಿದೆ. ಆ ಕುಂಡಕ್ಕೆ ನೀರು ನಿಲ್ಲಿಸಿ, ಒಂದು ಕಡ್ಡಿ ಚುಚ್ಚಿ ಗುರುತು ಇಡಿ. ಬೇಸಿಗೆ ಮಳೆ ಬಿದ್ದ ಮೇಲೆ ಎಲೆಗಿಂತ ಮೊದಲು ಹೂವಿನ ಚೆಂಡೇ ಮೇಲೆ ಬರುತ್ತದೆ.

ಕಾಫಿ ಗಷ್ಟು, ಈರುಳ್ಳಿ ಸಿಪ್ಪೆ, ಮೊಟ್ಟೆ ಚಿಪ್ಪು ಬುಡಕ್ಕೆ ಸುರಿಯಬಹುದಾ?

ನೇರ ಬೇಡ. ಗಷ್ಟು ದಪ್ಪಗೆ ಬಿದ್ದರೆ ಒಣಗಿ ಹೆಪ್ಪುಗಟ್ಟುತ್ತದೆ, ನೀರು ಇಳಿಯುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಎಲ್ಲವನ್ನೂ ಒಂದು ಡ್ರಮ್ಮಿಗೆ ಹಾಕಿ, ಒಣ ಎಲೆ ಜೊತೆ ಕೊಳೆಸಿ. ಮೊಟ್ಟೆ ಚಿಪ್ಪು ಪುಡಿ ಮಾಡದಿದ್ದರೆ ವರ್ಷ ಕಳೆದರೂ ಹಾಗೇ ಇರುತ್ತದೆ.

ಕಡ್ಡಿ ನೆಟ್ಟರೆ ಯಾವುದು ಬರುತ್ತದೆ?

ದಾಸವಾಳ, ನಂದಿಬಟ್ಟಲು, ಕಣಗಿಲೆ, ಕಾಗದದ ಹೂ. ಪೆನ್ಸಿಲ್ ದಪ್ಪದ, ಎಂಟು ಇಂಚಿನ ಕಡ್ಡಿ, ಕೆಳಗೆ ಓರೆ ಕತ್ತರಿಸಿ ಜೂನಿನಲ್ಲಿ ನೆರಳಲ್ಲಿ ನೆಡಿ. ಮಲ್ಲಿಗೆಗೆ ಇನ್ನೂ ಸುಲಭ: ಬಳ್ಳಿಯನ್ನು ನೆಲಕ್ಕೆ ಬಗ್ಗಿಸಿ, ಒಂದು ಗೆಣ್ಣು ಮಣ್ಣಲ್ಲಿ ಹೂತು, ಮೇಲೆ ಕಲ್ಲು ಇಡಿ. ಮಜ್ಜಿಗೆಹುಲ್ಲು, ಕಾಬಾಳೆ ಎರಡು ಮೂರು ವರ್ಷಕ್ಕೊಮ್ಮೆ ಬುಡ ಸೀಳಿ ಬೇರೆ ನೆಡಬೇಕು. ಇಲ್ಲದಿದ್ದರೆ ನಡುವೆ ಬೋಳಾಗುತ್ತದೆ. ಕನಕಾಂಬರದ ಒಣಗಿದ ತೆನೆಗೆ ನೀರು ತಾಗಿದರೆ ಕಾಯಿ ಪಟ್ಟನೆ ಸಿಡಿದು ಬೀಜ ಚೆಲ್ಲುತ್ತದೆ. ಮಕ್ಕಳ ಕೈಲಿ ಮಾಡಿಸಿ, ಅವರಿಗೂ ಖುಷಿ.

ಮಳೆಗಾಲದಲ್ಲಿ ದೊಡ್ಡ ಬಸವನಹುಳು ರಾತ್ರೋರಾತ್ರಿ ಸಸಿ ತಿನ್ನುತ್ತದೆ.

ಆಫ್ರಿಕಾ ಮೂಲದ ಬಸವನಹುಳು ಅದು. ಬರಿಗೈಲಿ ಮುಟ್ಟಬೇಡಿ, ರೋಗಕಾರಕ ಹುಳುಗಳನ್ನು ಹೊತ್ತಿರುತ್ತದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯ ಎಲೆಯೋ ಕೋಸಿನ ಎಲೆಯೋ ಇಡಿ. ಬೆಳಗ್ಗೆ ಎಲ್ಲವೂ ಅಲ್ಲೇ ಗುಂಪಾಗಿರುತ್ತವೆ. ಗ್ಲೌಸ್ ಹಾಕಿಕೊಂಡು ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಪಾತಿಗೆ ಉಪ್ಪು ಎರಚಿದರೆ ಗಿಡವೂ ಹೋಗುತ್ತದೆ.

ಮನೆಯಲ್ಲಿ ಚಿಕ್ಕ ಮಗು ಇದೆ. ಯಾವ ಗಿಡ ಬೇಡ?

ಕಣಗಿಲೆ, ಹಳದಿಯದ್ದೂ ಸೇರಿ. ಎಲೆ, ಬೀಜ, ಹಾಲು ಎಲ್ಲವೂ ವಿಷ, ಹೃದಯಕ್ಕೇ ಪೆಟ್ಟು. ಉಮ್ಮತ್ತಿಯೂ ಬೇಡ. ಕತ್ತರಿಸಿದ ಕಣಗಿಲೆ ಕೊಂಬೆಯನ್ನು ಬೀದಿಗೆ ಎಸೆಯಬೇಡಿ, ದನ ತಿಂದರೆ ಸಾಯುತ್ತದೆ.

ಬೆಳಗ್ಗೆ ವಾಕಿಂಗ್ ಬರುವವರು ಕಾಂಪೌಂಡಿನೊಳಗೆ ಕೈ ಹಾಕಿ ಹೂ ಕಿತ್ತುಕೊಂಡು ಹೋಗುತ್ತಾರೆ. ಏನು ಮಾಡೋದು?

ಕುವೆಂಪುನಗರದಿಂದ ವಿಜಯನಗರದವರೆಗೆ ಎಲ್ಲ ಕಡೆ ಇದೇ ಗೋಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಬಾಯಲ್ಲಿ ದೇವರ ನಾಮ, ಕೇಳಿದರೆ ‘ದೇವರಿಗೆ ತಾನೇ?’ ಅನ್ನುತ್ತಾರೆ. ಬೋರ್ಡು ಹಾಕಿ ಪ್ರಯೋಜನವಿಲ್ಲ. ಗೇಟಿನ ಹೊರಗೆ ನಂದಿಬಟ್ಟಲು ಎರಡು ಗಿಡ ನೆಟ್ಟುಬಿಡಿ. ವರ್ಷವಿಡೀ ಬಿಡುತ್ತದೆ, ಎಷ್ಟು ಕಿತ್ತರೂ ಮುಗಿಯುವುದಿಲ್ಲ, ಹೊರಗಿನವರಿಗೆ ಅದು ಸಾಕು. ಮಲ್ಲಿಗೆ, ಸಂಪಿಗೆ, ಗುಲಾಬಿ ಮನೆಯ ಹಿಂದಕ್ಕೋ ತಾರಸಿಗೋ ಹೋಗಲಿ. ಕೊಂಬೆ ಕೂಡ ಮುರಿಯುವ ಗಿರಾಕಿ ಇದ್ದರೆ, ಒಂದು ದಿನ ಆರು ಗಂಟೆಗೆ ಗೇಟಿನ ಹತ್ತಿರ ನಿಂತು ‘ಬನ್ನಿ, ಕತ್ತರಿ ಕೊಡ್ತೀನಿ, ಕಡ್ಡಿನೂ ತಗೊಂಡು ಹೋಗಿ ಮನೇಲಿ ನೆಡಿ’ ಅನ್ನಿ. ನಗುತ್ತಾ ಅನ್ನಿ, ಬೀದಿಯವರೇ ತಾನೇ.